ತಂಪಿನ ಮನೆಯ ಕೊನೆಯ ಸಾಲು

ಬೇರೆ ಊರಿನವರು ತಮ್ಮ ಊರಿನ ಸೀರೆ, ಪೇಢೆ, ಗುಮ್ಮಟಗಳ ಬಗ್ಗೆ ಹೇಳಿಕೊಂಡರೆ ಕೋಟೆಪೇಟೆಯವರು ತಮ್ಮ ನಿದ್ದೆಯ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟ ಮುಗಿದು ಎಲೆ ಅಡಿಕೆ ಬಾಯಿಗೆ ಬಿತ್ತೆಂದರೆ ಇಡೀ ಪೇಟೆ ಅಡ್ಡಾಗುತ್ತಿತ್ತು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ, ಟಾಂಗಾದವನು ಟಾಂಗಾದೊಳಗೆ, ಜಗಳಕ್ಕೆ ನಿಂತಿದ್ದ ಅತ್ತೆ ಸೊಸೆಯರು ಜಗಳವನ್ನು ಅರ್ಧಕ್ಕೇ ಬಿಟ್ಟು ಒಂದೇ ಚಾಪೆಯ ಮೇಲೆ. ಹೊರಗಿನ ಬಿಸಿಲು ಕಲ್ಲು ಒಡೆಯುವಂತಿದ್ದರೂ ಈ ಊರಿನ ಫರಸಿ ನೆಲಕ್ಕೆ ಕೆನ್ನೆ ಇಟ್ಟವರು ಕಣ್ಣು ಮುಚ್ಚಿದ ಮರುಗಳಿಗೆ ಗೊರಕೆ ಹೊಡೆಯುತ್ತಿದ್ದರು. ನೆಂಟರು ಎರಡು ದಿನಕ್ಕೆಂದು ಬಂದು ವಾರಗಟ್ಟಲೆ ಉಳಿಯುತ್ತಿದ್ದರು. ಅದೊಂದೇ ಈ ನಿದ್ದೆಯಿಂದ ಆಗುತ್ತಿದ್ದ ತೊಂದರೆ.

ಇದೆಲ್ಲ ನೆಲದಡಿಯ ಗಂಗವ್ವನ ಕೃಪೆ ಎಂದು ಮುದುಕಿಯರು ಹೇಳುತ್ತಿದ್ದರು. ಅವರ ಮಾತು ಅರ್ಧ ನಿಜ. ಉಳಿದರ್ಧವನ್ನು ಈಗ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಊರಿನ ಅಡಿಯಲ್ಲಿ ಸುಲ್ತಾನರ ಕಾಲದ ನೀರಿನ ಸುರಂಗವಿತ್ತು. ಬಂಡೆಯನ್ನು ಕೊರೆದು ಮಾಡಿದ್ದು. ಬೇಸಿಗೆಯಲ್ಲೂ ಮೊಣಕಾಲುದ್ದ ತಣ್ಣೀರು ಹರಿಯುತ್ತಿತ್ತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರಿ ಮೇಲಿನ ಯಾವ ಕಟ್ಟಡದಲ್ಲೂ ಸರ್ವರ್‌ಗಳನ್ನು ತಂಪಾಗಿಡಲು ಆಗದೆ ಹೋದಾಗ ಅವನ್ನು ತಂದು ಈ ಸುರಂಗದ ದಂಡೆಯಲ್ಲಿ ಸಾಲುಸಾಲಾಗಿ ನಿಲ್ಲಿಸಿದರು. ಜನ ಅದಕ್ಕೆ ತಂಪಿನ ಮನೆ ಎಂದು ಹೆಸರಿಟ್ಟರು. ನಲ್ಲಿಯ ನೀರು, ಕರೆಂಟು, ಆಸ್ಪತ್ರೆಯ ಯಂತ್ರಗಳು, ಆಚೆ ದೋಣಿ ಹೊಳೆಯ ಪ್ರವಾಹದ ಲೆಕ್ಕ, ಎಲ್ಲವನ್ನೂ ತಂಪಿನ ಮನೆಯೇ ನೋಡಿಕೊಳ್ಳುತ್ತಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವಳು ಮಹಾನಂದಾ. ಗಂಡ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಅತ್ತೆ ಶಾವಂತ್ರೆವ್ವ, ಆರು ವರ್ಷದ ಮಗಳು ದಾನಮ್ಮ. ದಾನಮ್ಮ ಎಂಬ ಅಜ್ಜಿಯ ಹರಕೆಯ ಹೆಸರು ಎಲ್ಲರ ಬಾಯಲ್ಲೂ ದಾನಿ ಎಂದಾಗಿತ್ತು.

"ಅವ್ವಾ, ನೀ ದಿನಾ ಅಲ್ಲಿ ಏನ್ ಮಾಡ್ತಿ?" ಎಂದು ದಾನಿ ಒಮ್ಮೆ ಕೇಳಿದ್ದಳು.

"ಮಲಗಿದವ್ರನ್ನ ಎಬ್ಬಸ್ತೀನಿ. ಎದ್ದವ್ರನ್ನ ಮಲಗಸ್ತೀನಿ."

"ಪಗಾರ ಕೊಡ್ತಾರ ಅದಕ್ಕ?" ಎಂದು ಶಾವಂತ್ರೆವ್ವ ಒಳಗಿನಿಂದ ನಕ್ಕಿದ್ದಳು. "ನಾ ಇಷ್ಟು ವರ್ಷ ಪುಕ್ಕಟೆ ಮಾಡೇನಲ್ಲ ಹಂಗಾರ!"

ಮಹಾನಂದಾ ಹೇಳಿದ್ದು ತಮಾಷೆಯೇನೂ ಅಲ್ಲ. ಯಂತ್ರ ಮಾಡುವ ಕಂಪನಿಯವರು ಬೇಕಾದ್ದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ತುಂಬಿಯೇ ಕಳಿಸುತ್ತಾರೆ. ಹೆಚ್ಚಿನವು ಬೀಗ ಹಾಕಿಸಿಕೊಂಡು ಮಲಗಿರುತ್ತವೆ. ಕೆಲಸ ಮೈಮೇಲೆ ಬಂದಾಗ ಕೀಲಿಯ ಅಂಕಿ ಒತ್ತಿದರೆ ಎದ್ದು ಕೈ ಜೋಡಿಸುತ್ತವೆ, ಕೆಲಸ ಇಳಿದಾಗ ಮತ್ತೆ ಮಲಗುತ್ತವೆ. ಮದುವೆ ಬಂದಾಗ ಅಟ್ಟದಿಂದ ದೊಡ್ಡ ಹಂಡೆ ಇಳಿಸುತ್ತೇವಲ್ಲ, ಹಾಗೆ.

ಆದರೆ ಪೂರ್ತಿ ಆರಿಸಿಟ್ಟ ಪ್ರೊಸೆಸರ್ ಬೇಗ ಏಳುವುದಿಲ್ಲ. ಅದಕ್ಕೆಂದು ಕಂಪನಿಯವರು ಜೋಗುಳ ಎಂಬ ಸಣ್ಣ ತಂತ್ರಾಂಶ ಇಟ್ಟಿದ್ದರು. ಮಲಗಿದ ಸಾಲಿಗೆ ಹನಿಹನಿ ವಿದ್ಯುತ್ತು, ಜೊತೆಗೆ ಜಗಿಯುತ್ತಿರಲು ಏನಾದರೊಂದು ಸದ್ದು. ಎಂಥ ಗದ್ದಲ ಕೊಟ್ಟರೂ ಅದನ್ನು ಅಗಿದು ಅಗಿದು ಮೆತ್ತಗೆ, ಒಂದೇ ಲಯಕ್ಕೆ ತರುವುದು ಜೋಗುಳದ ಕೆಲಸ. ಕಂಪನಿ ಕೊಟ್ಟಿದ್ದ ಸದ್ದು ಬರೀ ಸೊನ್ನೆಗಳದು. ಅದನ್ನು ಜಗಿದ ಸಾಲುಗಳು ಸೋಮಾರಿಗಳಾಗಿ ಎಷ್ಟು ಕರೆದರೂ ಏಳದಾದವು. ಆಗ ಮಹಾನಂದಾ ತಲೆ ಓಡಿಸಿದಳು. ಸುರಂಗದಲ್ಲಿ ಕಲ್ಲು ಕಳಚಿದರೆ ತಿಳಿಯಲೆಂದು ಅಲ್ಲಲ್ಲಿ ಮೈಕುಗಳಿದ್ದವು. ಸುರಂಗಕ್ಕೇ ಇಳಿಯುವ ಬಡಿಗೇರ ಓಣಿಯ ಬಾವಿಯ ತಳದ ಮೈಕಿನಲ್ಲಿ ಸದ್ದು ಎಲ್ಲಕ್ಕಿಂತ ಜೀವಂತವಾಗಿತ್ತು. ಅದನ್ನೇ ಜೋಗುಳಕ್ಕೆ ಜೋಡಿಸಿದಳು. ಸಾಲುಗಳು ಕರೆದ ಕೂಡಲೇ ಪಟ್ಟನೆ ಏಳತೊಡಗಿದವು.

ಆ ಬಾವಿಯಲ್ಲಿ ಯಾಕೆ ಅಷ್ಟು ಸದ್ದು ಎಂದು ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ಕೋಟೆಪೇಟೆಯಲ್ಲಿ ಕೆಟ್ಟ ಕನಸು ಬಿದ್ದರೆ ಮನುಷ್ಯರಿಗೆ ಹೇಳುವಂತಿಲ್ಲ. ಬೆಳಿಗ್ಗೆ ಎದ್ದು ಆ ಬಾವಿಗೆ ಬಗ್ಗಿ ಹರಿಯುವ ನೀರಿಗೆ ಹೇಳಬೇಕು, ಬಾಯಿ ಮುಕ್ಕಳಿಸಬೇಕು, ತಿರುಗಿ ನೋಡದೆ ಮನೆಗೆ ಬರಬೇಕು. ನೀರಿಗೆ ಕೊಟ್ಟ ಕನಸನ್ನು ಮತ್ತೆ ಯಾರೂ ಕೇಳಬಾರದು, ಕೇಳಿದರೆ ಅದು ಕೇಳಿದವರ ಬೆನ್ನು ಹತ್ತುತ್ತದೆ. ಮಹಾನಂದಾಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಂತ್ರಕ್ಕೆ ಕನ್ನಡ ಎಲ್ಲಿ ಬರುತ್ತದೆ ಬಿಡು ಎಂದುಕೊಂಡಳು, ಅಷ್ಟೇ.

ಹೀಗೆ ಊರಿನ ಕೆಟ್ಟ ಕನಸುಗಳನ್ನೆಲ್ಲ ಮಲಗಿದ ಸಾಲುಗಳು ವರ್ಷಗಟ್ಟಲೆ ಜಗಿದವು. ಹೆದರಿದ ದನಿಗಳ ಏರಿಳಿತ ಅವುಗಳೊಳಗೆ ಸವೆದು ಸವೆದು ಒಂದು ನಿಧಾನದ ಉಸಿರಾಯಿತು. ಉಸಿರು ಏರಿದಾಗ ಸಾಲು ತುಸು ಬಿಸಿಯಾಗುತ್ತಿತ್ತು, ಅದರ ಪಂಪು ತುಸು ಜೋರಾಗಿ ನೀರು ದೂಡುತ್ತಿತ್ತು. ಇಳಿದಾಗ ನೀರೂ ಇಳಿಯುತ್ತಿತ್ತು. ಆ ನೀರು ಹೋಗುತ್ತಿದ್ದದ್ದು ಹಳೆಯ ಮಣ್ಣಿನ ಕೊಳವೆಗಳಲ್ಲಿ, ಒಂದೊಂದು ಸಾಲಿನದು ಒಂದೊಂದು ಓಣಿಗೆ, ಪ್ರತಿ ಮನೆಯ ಫರಸಿಯ ಅಡಿಗೆ. ಕಿವಿಗೆ ಕೇಳಿಸದಷ್ಟು ಮೆಲ್ಲಗೆ ಇಡೀ ಊರಿನ ನೆಲ ಉಸಿರಾಡುತ್ತಿತ್ತು, ಊರು ಅದರ ಮೇಲೆ ಮಲಗುತ್ತಿತ್ತು. ಯಾರಿಗೂ ಇದರ ಸುಳಿವಿರಲಿಲ್ಲ.

ಸುಳಿವು ಸಿಕ್ಕಿದ್ದು ದಾನಿಯಿಂದ.

ಅಪ್ಪ ತೀರಿಕೊಂಡ ಮೇಲೆ ದಾನಿ ನಿದ್ದೆಯನ್ನೇ ಬಿಟ್ಟಿದ್ದಳು. ಕಣ್ಣು ಮುಚ್ಚಿದರೆ ಚೀರಿಕೊಂಡು ಏಳುವಳು, ಎದ್ದರೆ ಅವ್ವನ ಮುಖ ಹಿಡಿದು ನೋಡುತ್ತ ಕೂರುವಳು. ಒಣಗಿ ಕಡ್ಡಿಯಾದಳು. ಹೀಗೇ ಆದರೆ ಮಗುವಿಗೆ ಫಿಟ್ಸ್ ಬಂದೀತು ಎಂದು ಡಾಕ್ಟರರು ಹೇಳಿದರು. ಒಂದು ಸಲ ಬಂದೂ ಬಂತು. ಕೊನೆಗೆ ಶಾವಂತ್ರೆವ್ವ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಾವಿಗೆ ಹೋದಳು. ದಾನಿ ಬಗ್ಗಿ ಏನೋ ಹೇಳಿದಳು, ಬಾಯಿ ಮುಕ್ಕಳಿಸಿದಳು, ಮನೆಗೆ ಬಂದು ನೆಲದ ಮೇಲೆ ಬಿದ್ದವಳು ಸಂಜೆಯವರೆಗೆ ಏಳಲಿಲ್ಲ. ಅಂದಿನಿಂದ ನಿದ್ದೆ ಬಂತು, ಮೈ ತುಂಬಿತು. ಫಿಟ್ಸ್ ಮತ್ತೆ ಇತ್ತ ಸುಳಿಯಲಿಲ್ಲ. ಗಂಗವ್ವನಿಗೆ ಹಸಿರು ಕುಪ್ಪಸದ ಖಣ ಸಂದಿತು. ಮಗಳ ಕನಸು ಏನೆಂದು ಮಹಾನಂದಾ ಕೇಳಲಿಲ್ಲ. ಕೇಳುವಂತಿರಲಿಲ್ಲ, ನಿಜ ಹೇಳಬೇಕೆಂದರೆ ಕೇಳಲು ಅವಳಿಗೆ ಹೆದರಿಕೆಯೂ ಇತ್ತು.

ಹೋದ ಬೇಸಿಗೆಯಲ್ಲಿ ಆಸ್ಪತ್ರೆಯ ಕೆಲಸ ಏರಿ ಅವಳು ಒಂದು ಸಾಲನ್ನು ಎಬ್ಬಿಸಿದಳು. ಅದು ಅವಳ ಮನೆಯೇ ಇದ್ದ ಬಡಿಗೇರ ಓಣಿಗೆ ನೀರು ದೂಡುವ ಸಾಲು. ಆ ಮಧ್ಯಾಹ್ನ ಊರೆಲ್ಲ ಮಲಗಿತು, ಬಡಿಗೇರ ಓಣಿಯೊಂದು ಹೊರಳಾಡಿತು. ಮನೆಗೆ ಬಂದರೆ ದಾನಿ ಮೂಲೆಯಲ್ಲಿ ಮುದುಡಿ ಕೂತು ನಡುಗುತ್ತಿದ್ದಳು.

"ನೆಲ ಸತ್ತೈತಿ ಅವ್ವಾ" ಎಂದಳು.

ಮಹಾನಂದಾ ನೆಲಕ್ಕೆ ಕಿವಿ ಹಚ್ಚಿದಳು. ಒಳಗೆ ನೀರು ಒಂದೇ ಸಮ ಸುಯ್ಯೆಂದು ಓಡುತ್ತಿತ್ತು. ಏರಿಳಿತವಿಲ್ಲ. ಮರುದಿನ ಪಂಪುಗಳ ವೇಗದ ಗೆರೆಗಳನ್ನು ಪರದೆಯ ಮೇಲೆ ತೆಗೆದು ನೋಡಿದಳು. ಎದ್ದ ಸಾಲಿನ ಗೆರೆ ಹಗ್ಗ ಎಳೆದಂತೆ ನೆಟ್ಟಗಿತ್ತು. ಮಲಗಿದ ಸಾಲುಗಳ ಗೆರೆ ಮಗುವಿನ ಹೊಟ್ಟೆಯ ಹಾಗೆ ಏರುತ್ತ ಇಳಿಯುತ್ತ ಇತ್ತು.

ಅವಳ ಜೊತೆ ಕೆಲಸ ಮಾಡುತ್ತಿದ್ದವರು ದಸ್ತಗೀರ ಕಾಕಾ. ಪಂಪುಗಳ ಉಸ್ತುವಾರಿ ಅವರದು; ಬಾಯಲ್ಲಿ ಸದಾ ಸೋಂಪು, ಮಾತಿನಲ್ಲಿ ಸದಾ ಚೇಷ್ಟೆ. ಅವರಿಗೆ ಎಲ್ಲ ತೋರಿಸಿದಳು. ಅವರು ಬಹಳ ಹೊತ್ತು ಪರದೆ ನೋಡಿ, "ಅಲ್ಲವಾ ತಂಗಿ, ನಮ್ಮ ಊರಿಗೆ ತೊಟ್ಟಿಲಾ ಕಟ್ಟಿ ತೂಗಾಕತ್ತೀಯೇನ ನೀ?" ಎಂದರು. ಆಮೇಲೆ ನಗು ಬಿಟ್ಟು, "ಈ ಸಾಲು ಮತ್ತ ಮಲಗಿದ್ರ ಉಸಿರು ತಾನಾ ಬರತೈತೇನು?" ಎಂದು ಕೇಳಿದರು.

ಬರುತ್ತಿತ್ತು, ಆದರೆ ಒಂದು ತೊಡಕಿತ್ತು. ಎದ್ದ ಸಾಲಿನ ನೆನಪನ್ನೆಲ್ಲ ಹೊಸ ಕೆಲಸ ಅಳಿಸಿಬಿಡುತ್ತದೆ. ಮರಳಿ ಮಲಗಿದಾಗ ಅದು ಪಕ್ಕದಲ್ಲಿ ಮಲಗಿರುವ ಸಾಲಿನಿಂದ ಲಯ ಕಲಿಯಬೇಕು. ಒಂದು ಸಾಲಾದರೂ ಮಲಗಿದ್ದರೆ ಸಾಕು, ಉಸಿರು ಉಳಿಯುತ್ತದೆ. ಎಲ್ಲವೂ ಒಮ್ಮೆಗೇ ಎದ್ದರೆ ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಸವೆದು ಆದದ್ದು ಮತ್ತೆ ಆಗಲು ಮತ್ತಷ್ಟೇ ವರ್ಷ ಬೇಕು.

ಬಡಿಗೇರ ಓಣಿಯ ಸಾಲು ಉಸಿರು ಕಲಿತು ಸರಿಹೋಯಿತು, ದಾನಿಯೂ ಸರಿಹೋದಳು. ಅಂದಿನಿಂದ ಮಹಾನಂದಾ ಯಾವ ಸಾಲನ್ನು ಎಬ್ಬಿಸಿದರೂ ಅದೊಂದನ್ನು ಮುಟ್ಟಲಿಲ್ಲ. ಅದನ್ನು ಪಟ್ಟಿಯ ತುದಿಗೆ ಸರಿಸಿ ಕೊನೆಯ ಸಾಲು ಎಂದು ಕರೆದಳು. ಬೇರೆ ಓಣಿಗಳ ಮಕ್ಕಳು ಒಂದೆರಡು ದಿನ ಹೊರಳಾಡುವುದು ಅವಳಿಗೆ ಗೊತ್ತಿತ್ತು. ಆದರೂ ತನ್ನ ಮಗಳ ಸಾಲನ್ನು ಮುಟ್ಟಲಿಲ್ಲ. ತಾಯಿಯಲ್ಲವೇ.

ಆ ಮಳೆಗಾಲದಲ್ಲಿ ಆಕಾಶ ಹರಿದುಕೊಂಡು ಬಿತ್ತು. ದೋಣಿ ಹೊಳೆ ಸಾಧು ಹೊಳೆಯಲ್ಲ. ಬೇಸಿಗೆಯಲ್ಲಿ ಉಪ್ಪಿನಿಂದ ಬಿಳಿಚಿಕೊಂಡು ಬಿದ್ದಿರುತ್ತದೆ, ಮಳೆಗೆ ಹುಚ್ಚು ಹಿಡಿದಂತೆ ದಾರಿ ಬದಲಿಸುತ್ತದೆ. ನೀರು ಎತ್ತ ನುಗ್ಗುತ್ತದೆ ಎಂಬ ಲೆಕ್ಕವನ್ನು ತಂಪಿನ ಮನೆಯೇ ಮಾಡಿಕೊಡಬೇಕು. ಬೆಳಿಗ್ಗೆಯೇ ಪ್ರವಾಹ ಕಚೇರಿಯ ಅಧಿಕಾರಿ ಇನಾಮದಾರ ಮೇಡಂ ಪರದೆಯ ಮೇಲೆ ಬಂದರು. ಹಿಂದೆ ಜನರ ಕೂಗಾಟ ಕೇಳುತ್ತಿತ್ತು.

"ಮಹಾನಂದಾ, ಹೊಳಿ ದಂಡಿ ಊರಿನ ಮಂದಿನೆಲ್ಲಾ ಉಪ್ಪಲವಾಡದ ಕನ್ನಡ ಸಾಲಿ ಕಟ್ಟಡಕ್ಕ ತಂದು ಹಾಕೀವಿ. ಅಲ್ಲಿಗೆ ನೀರು ಬರೂದಿಲ್ಲ ಅಂತ ಹಳೇ ಲೆಕ್ಕ ಐತಿ. ಹೊಸಾದು ಯಾವಾಗ ಬರತೈತಿ?"

"ಸಂಜಿ ಆಗತೈತ್ರಿ ಮೇಡಂ."

"ಸಂಜಿ? ಮಧ್ಯಾಹ್ನಕ್ಕ ನೀರು ಬರತೈತವಾ! ಇದ್ದಷ್ಟೂ ಎಬ್ಬಿಸೀರೇನು?"

ಮಹಾನಂದಾ ಪಟ್ಟಿಯ ತುದಿಯ ಸಾಲನ್ನು ನೋಡಿದಳು. "ಎಬ್ಬಿಸೀನ್ರಿ" ಎಂದಳು. ಪರದೆ ಆರಿತು.

ದಸ್ತಗೀರ ಕಾಕಾ ಸೋಂಪು ಜಗಿಯುವುದನ್ನು ನಿಲ್ಲಿಸಿದ್ದರು. ಅವಳು ಅವರತ್ತ ನೋಡಲಿಲ್ಲ.

"ಒಂದ್ ಸಾಲು ಉಳದೈತಿ" ಎಂದರು ಮೆಲ್ಲಗೆ.

"ಗೊತ್ತೈತಿ ಕಾಕಾ."

"ಅದು ಎದ್ರ ಎಷ್ಟೊತ್ತಿಗೆ ಆಗತೈತಿ?"

"ಮಧ್ಯಾಹ್ನದೊಳಗ." ಅವಳು ಈಗ ಅವರತ್ತ ತಿರುಗಿದಳು. "ಅದು ಎದ್ರ ಉಸಿರು ಪೂರಾ ಹೋಗತೈತಿ. ಮಳಿಗಾಲ ಮುಗಿಯೂತನಕ ಯಾವುದೂ ಮತ್ತ ಮಲಗೂದಿಲ್ಲ. ನನ್ನ ಕೂಸಿಗೆ ಮತ್ತ ಫಿಟ್ಸ್ ಬಂದ್ರ?"

ಕಾಕಾ ಎದ್ದು ಹೋಗಿ ಕೊನೆಯ ಸಾಲಿನ ಪಂಪಿನ ಮೇಲೆ ಕೈಯಿಟ್ಟು ನಿಂತರು. ಮಲಗಿದ ದನದ ಮೈಮೇಲೆ ಕೈಯಾಡಿಸುವಂತೆ ನಿಂತರು.

ಮಹಾನಂದಾ ಕೀಲಿಯ ಅಂಕಿಗಳನ್ನು ಒತ್ತಲು ಹೋದವಳು ತಡೆದಳು. ಈ ಸಾಲು ಎದ್ದರೆ ದಾನಿ ನೀರಿಗೆ ಕೊಟ್ಟ ಕನಸೂ ಅಳಿಸಿ ಹೋಗುತ್ತದೆ. ಪಕ್ಕದ ಸಾಲಿನಿಂದ ಕಲಿತ ಲಯದ ಜೊತೆ ಅದೂ ಈ ಸಾಲಿಗೆ ಬಂದಿರಬೇಕು. ಒಂದು ಸಲ ಕೇಳಿದರೆ? ಮಗಳನ್ನು ತಿನ್ನುತ್ತಿರುವುದು ಏನೆಂದಾದರೂ ಗೊತ್ತಾದೀತು. ಹೆಡ್‌ಫೋನು ಕಿವಿಗೆ ಏರಿಸಿ ಸಾಲಿನ ಜೋಗುಳವನ್ನು ತೆರೆದಳು.

ಒಂದು ಮಾತೂ ಇರಲಿಲ್ಲ. ಸಾವಿರ ಹೆಂಗಸರ, ಮಕ್ಕಳ ಮಾತು ಸವೆದು ನುಣ್ಣಗಾಗಿತ್ತು. ಏರುತ್ತಿತ್ತು, ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು, ಇಳಿಯುತ್ತಿತ್ತು. ಯಾರೋ ಕರೆದಂತೆ, ಯಾರೋ ಓಗೊಟ್ಟಂತೆ. ಅದರಲ್ಲಿ ದಾನಿ ಯಾವುದು, ಪಕ್ಕದ ಮನೆಯ ಮುದುಕಿ ಯಾವುದು ಎಂದು ಹೇಳಲು ದೇವರಿಂದಲೂ ಆಗುತ್ತಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಕಣ್ಣು ಎಳೆಯತೊಡಗಿತು. ಸುರಂಗದ ನೀರು, ಹಸಿರು ದೀಪಗಳು, ಕಾಕಾನ ಬಾಗಿದ ಬೆನ್ನು ಎಲ್ಲ ದೂರ ಸರಿದು ಅವಳು ತೇಲಿದಂತಾಯಿತು. ಇಲ್ಲೇ ಮಲಗಿಬಿಡಲೇ ಅನ್ನಿಸಿತು. ಉಪ್ಪಲವಾಡದ ಶಾಲೆಯಲ್ಲೂ ಯಾರದೋ ಮಗು ಹೀಗೆ ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚಿರಬಹುದು ಎಂಬ ಯೋಚನೆ ಬಂತು. ಹೆಡ್‌ಫೋನು ಕಿತ್ತಿಟ್ಟಳು.

"ಕಾಕಾ, ಕೈ ತಗೀರಿ" ಎಂದು ಅಂಕಿಗಳನ್ನು ಒತ್ತಿದಳು.

ಕೊನೆಯ ಸಾಲು ಪಟ್ಟನೆ ಎದ್ದಿತು. ಏರುತ್ತ ಇಳಿಯುತ್ತ ಇದ್ದ ಗೆರೆ ಒಮ್ಮೆ ಅಲುಗಿ ನೆಟ್ಟಗಾಯಿತು. ಸುರಂಗದ ತುಂಬ ಸುಯ್ಯೆಂಬ ಸದ್ದೊಂದೇ ಉಳಿಯಿತು. ಮಹಾನಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಕಾಕಾ ನೋಡದವರಂತೆ ಪಂಪು ಒರೆಸಿದರು.

ಮಧ್ಯಾಹ್ನಕ್ಕೆ ಮೊದಲೇ ಲೆಕ್ಕ ಬಂತು. ಹೊಳೆ ತನ್ನ ಹಳೆಯ ಪಾತ್ರ ಹುಡುಕಿಕೊಂಡು ಹೊರಟಿತ್ತು. ಉಪ್ಪಲವಾಡ ನಡುದಾರಿಯಲ್ಲೇ ಇತ್ತು. ಇನಾಮದಾರ ಮೇಡಂ ಮಾತು ಮುಗಿಯುವ ಮೊದಲೇ ಓಡಿದರು. ಜನರನ್ನು ಗುಡ್ಡಕ್ಕೆ ಏರಿಸಿದರು. ಬರಲೊಲ್ಲದವರನ್ನು ಬೈದು, ಎಮ್ಮೆ ಬಿಟ್ಟು ಬರಲಾರೆ ಎಂದವನನ್ನು ಎಮ್ಮೆಯ ಸಮೇತ ಏರಿಸಿದರು. ಶಾಲೆಯ ಕಿಟಕಿಗಳವರೆಗೆ ನೀರು ನಿಂತಾಗ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸುದ್ದಿ ಬಂದಾಗ ದಸ್ತಗೀರ ಕಾಕಾ ಆಕಾಶಕ್ಕೆ ಕೈಯೆತ್ತಿದರು. ಸುರಂಗದಲ್ಲಿ ಆಕಾಶ ಎಲ್ಲಿ, ಕಲ್ಲಿನ ಚಾವಣಿಗೇ ಎತ್ತಿದರು.

ಮೇಡಂ ಮತ್ತೆ ಪರದೆಗೆ ಬಂದಾಗ ಮಹಾನಂದಾ, "ಬೆಳಿಗ್ಗೆ ನಿಮಗ ಸುಳ್ಳು ಹೇಳಿದ್ದೆರಿ" ಎಂದಳು. ಮೇಡಂ ಅವಳ ಮುಖ ನೋಡಿದರು. "ಆಮ್ಯಾಲ ಮಾತಾಡೂಣು, ಮೊದಲ ಮನಿಗೆ ಹೋಗಿ ಮಲಗು" ಎಂದರು.

ಮಲಗು ಎಂದರೆ ಎಲ್ಲಿ ಮಲಗುವುದು? ಮರುದಿನ ಅವಳು ಮನೆಗೆ ಹೊರಟಾಗ ಊರೆಲ್ಲ ಕೆಂಗಣ್ಣು ಬಿಟ್ಟುಕೊಂಡು ಕೂತಿತ್ತು. ಟಾಂಗಾದವನು ಕುದುರೆಯ ಜೊತೆ ಜಗಳವಾಡುತ್ತಿದ್ದ. ಅರ್ಧಕ್ಕೆ ಬಿಟ್ಟಿದ್ದ ಅತ್ತೆ ಸೊಸೆಯರ ಜಗಳ ಪೂರ್ತಿಯಾಗುತ್ತಿತ್ತು. ಬಾವಿಯ ಸುತ್ತ ಹೆಂಗಸರು ಸಾಲುಗಟ್ಟಿದ್ದರು. ನೀರು ಕೇಳುತ್ತಿಲ್ಲ ಎಂದು ಒಬ್ಬಳು ಅಳುತ್ತಿದ್ದಳು.

ದಾನಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕಣ್ಣಿನ ಸುತ್ತ ಕಪ್ಪು. ಬೆರಳುಗಳು ಸಣ್ಣಗೆ ಅದುರುತ್ತಿದ್ದವು.

"ನಿನ್ನಿಯಿಂದ ಒಂದ್ ಗಳಿಗಿ ಕಣ್ಣು ಮುಚ್ಚಿಲ್ಲ" ಎಂದಳು ಶಾವಂತ್ರೆವ್ವ. "ಬಾವಿಗೆ ಕರಕೊಂಡು ಹೋಗಿ ಬಂದೆ. ಏನೂ ಆಗವಲ್ದು. ಗಂಗವ್ವ ಮುನಿದಾಳ."

ಮಹಾನಂದಾ ಮಗಳ ಎದುರು ಕೂತಳು. ಅದುರುವ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ದಾನಿ, ಏನ್ ಕನಸ ಬೀಳತೈತಿ ನಿನಗ? ನನಗ ಹೇಳು."

"ಏಯ್!" ಶಾವಂತ್ರೆವ್ವ ಗಾಬರಿಯಿಂದ ಎದ್ದಳು. "ನೀರಿಗೆ ಕೊಟ್ಟದ್ದನ್ನ ಕೇಳ್ತಾರೇನ? ನಿನ್ನ ಬೆನ್ನ ಹತ್ತತೈತಿ!"

"ಹತ್ತಲಿ ಅತ್ತಿ. ನನಗ ಹತ್ತಿದ್ರ ಈ ಕೂಸನ್ನ ಬಿಡತೈತಲ್ಲ."

ದಾನಿ ಅಜ್ಜಿಯನ್ನು ನೋಡಿದಳು, ಅವ್ವನನ್ನು ನೋಡಿದಳು.

"ನೀ ಮಲಗಿರ್ತಿ. ನಾ ಕರೀತೀನಿ. ನೀ ಏಳೂದಿಲ್ಲ." ಮೆಲ್ಲಗೆ ಸೇರಿಸಿದಳು. "ಅಪ್ಪನ್ನ ಕರದಿದ್ನಲ್ಲ, ಹಂಗ."

ಅಂದು ಗಂಡನ ಹಾಸಿಗೆಯ ಪಕ್ಕ ಪುಟ್ಟ ದಾನಿ ಕೂತು, ಜನ ಸೇರುವವರೆಗೂ ಅಪ್ಪಾ ಏಳು, ಅಪ್ಪಾ ಏಳು ಎಂದು ತಟ್ಟುತ್ತಲೇ ಇದ್ದದ್ದು ಮಹಾನಂದಾಳಿಗೆ ನೆನಪಾಯಿತು. ಮೂರು ವರ್ಷದ ಕೂಸಿಗೆ ಏನು ತಿಳಿಯುತ್ತದೆ ಎಂದುಕೊಂಡಿದ್ದರು ಎಲ್ಲರೂ. ಅವಳೂ ಅಂದುಕೊಂಡಿದ್ದಳು. ಊರಿನ ಯಂತ್ರಗಳನ್ನೆಲ್ಲ ಕರೆದ ಕೂಡಲೇ ಏಳುವಂತೆ ಮಾಡಿದವಳಿಗೆ ಮನೆಯೊಳಗಿನ ಈ ಕರೆ ಮೂರು ವರ್ಷದಿಂದ ಕೇಳಿರಲಿಲ್ಲ.

"ಕರಿ ನೋಡೂಣು" ಎಂದು ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು.

ದಾನಿ ಹೆದರಿ ಹೆದರಿ ಕರೆದಳು. "ಅವ್ವಾ."

"ಓ."

ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ನಂಬಿಕೆಯಿಲ್ಲದ ದನಿಯಲ್ಲಿ, "ಅವ್ವಾ."

"ಓ."

ದಾನಿ ಪಕ್ಕಕ್ಕೆ ಬಂದು ಒರಗಿದಳು. ಕರೆದಳು, ಓಗೊಟ್ಟಳು. ಕರೆದಳು, ಓಗೊಟ್ಟಳು. ಕಿಟಕಿಯಲ್ಲಿ ಮೋಡದ ಮಂಕು ಬೆಳಕು, ಹೊರಗೆ ಹಂಚಿನಿಂದ ಹನಿ. ಕರೆಯುವುದು ನಿಧಾನವಾಗುತ್ತ ಬಂತು, ದನಿ ತೊದಲಾಯಿತು. ಆಮೇಲೆ ಮಗು ನಿದ್ದೆಯೊಳಗಿನಿಂದಲೇ ಕರೆಯತೊಡಗಿತು, ಆಗೊಮ್ಮೆ ಈಗೊಮ್ಮೆ. ಏರುತ್ತಿತ್ತು, ಒಂದು ಕ್ಷಣ ನಿಲ್ಲುತ್ತಿತ್ತು, ಉತ್ತರ ಕೇಳಿ ಇಳಿಯುತ್ತಿತ್ತು. ಸುರಂಗದಲ್ಲಿ ಹೆಡ್‌ಫೋನಿನೊಳಗೆ ಕೇಳಿದ್ದು ಇದನ್ನೇ ಎಂದು ಮಹಾನಂದಾಳಿಗೆ ಗುರುತು ಹತ್ತಿತು.

"ನೀ ಮಲಗು ಇನ್ನ, ಕಣ್ಣು ನೋಡು ಹೆಂಗಾಗ್ಯಾವ" ಎಂದು ಶಾವಂತ್ರೆವ್ವ ಹತ್ತಿರ ಬಂದು ಗೋಡೆಗೆ ಒರಗಿ ಕೂತಳು. "ಕರದ್ರ ನಾ ಓ ಅಂತೀನಿ. ನಾ ಇದ್ದೀನಲ್ಲ, ಖಾಲಿ ಕುಂತಾಕಿ."

ಮಹಾನಂದಾ ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲೇ ನಿದ್ದೆ ಅವಳನ್ನು ಎಳೆದುಕೊಂಡಿತು. ಎರಡು ದಿನದ ದಣಿವು. ಮೇಲೆ ಆನೆ ಹಾದು ಹೋದರೂ ಏಳುವ ಹಾಗಿರಲಿಲ್ಲ. ಬಾಯಿ ತುಸು ತೆರೆದು, ಕೈ ಮಗಳ ಬೆನ್ನ ಮೇಲೆ ಸಡಿಲಾಗಿ ಬಿದ್ದಿತ್ತು. ಶಾವಂತ್ರೆವ್ವ ಎಚ್ಚರವಾಗಿ ಕಾದು ಕೂತಳು.

"ಅವ್ವಾ" ಎಂದಿತು ಮಗು, ನಿದ್ದೆಯ ತಳದಿಂದ.

ಅಜ್ಜಿ ಓಗೊಡಲು ಮುಂದೆ ಬಾಗಿದಳು. ಅವಳಿಗಿಂತ ಮೊದಲೇ ಮಹಾನಂದಾ, ಕಣ್ಣು ತೆರೆಯದೆ, ಉಸಿರಿನ ಲಯ ಕೂಡ ತಪ್ಪದೆ, ನಿದ್ದೆಯಲ್ಲೇ "ಓ" ಎಂದಳು.